ಸೌದೆ ಪುಸ್ತಕ ತಗೊಂಡು ಬನ್ನಿ

ಮೊನ್ನೆ ಗೋಣಿಕೊಪ್ಪ ಕಡೆಯವರೊಬ್ಬರು ಫೋನ್ ಮಾಡಿದ್ದರು. ಅವರೂ ನನ್ನ ಹಾಗೇ, ಸ್ವಂತ ತೋಟದ ಕಾಫಿ ಜೊತೆಗೆ ಅಕ್ಕಪಕ್ಕದವರ ಹಣ್ಣನ್ನೂ ತೆಗೆದುಕೊಂಡು ಪಲ್ಪ್ ಮಾಡಿ, ಅಂದರೆ ಸಿಪ್ಪೆ ಸುಲಿದು, ಒಣಗಿಸಿ ಕೊಡುವವರು. "ಅಣ್ಣ, ನೀವು ಸೋಲಾರ್ ಹಾಕ್ಸಿದ್ದೀರಂತೆ. ನಮ್ಮ ಯಾರ್ಡಿಗೆ ಎಷ್ಟು ಕಿಲೋವ್ಯಾಟ್ ಹಾಕ್ಸಿದ್ರೆ ಸಾಕು?" ಅಂದರು. "ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಸೌದೆ ಉರಿಯುತ್ತೆ?" ಅಂತ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸೌದೆಗೂ ಸೋಲಾರಿಗೂ ಏನಣ್ಣ ಸಂಬಂಧ?" ಅಂದರು.

ಸಂಬಂಧ ಇರುವುದೇ ಅಲ್ಲಿ. ಐದು ವರ್ಷದ ಹಿಂದೆ ನನ್ನನ್ನೂ ಯಾರಾದರೂ ಹೀಗೆ ಕೇಳಿದ್ದರೆ ಎಷ್ಟೋ ದುಡ್ಡು, ಒಂದು ರಾತ್ರಿಯ ಕಾಫಿ ಉಳಿಯುತ್ತಿತ್ತು. ಫೋನಿನಲ್ಲಿ ಎಲ್ಲವನ್ನೂ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕೊಡಗಿನಲ್ಲಿ ಈಗ ಸೋಲಾರ್ ಬಗ್ಗೆ ಯೋಚನೆ ಮಾಡುತ್ತಿರುವವರು ತುಂಬ ಜನ ಇದ್ದಾರೆ, ಅವರಿಗೂ ಉಪಯೋಗಕ್ಕೆ ಬರಲಿ.

ನಮ್ಮ ಯಾರ್ಡ್ ಇರುವುದು ಸುಂಟಿಕೊಪ್ಪದ ಹತ್ತಿರ. ಒಂದು ಪಲ್ಪರ್, ತೊಳೆಯುವ ತೊಟ್ಟಿಗಳು, ಸಿಮೆಂಟ್ ಕಣ, ಸೌದೆಯಲ್ಲಿ ಓಡುವ ಒಂದು ಹಳೆಯ ಡ್ರೈಯರ್. ನವೆಂಬರ್ ಕೊನೆ, ಡಿಸೆಂಬರಿನಲ್ಲಿ ಬರುವ ಪುತ್ತರಿ ಹಬ್ಬದ ಹೊತ್ತಿಗೆ ಅರೇಬಿಕಾ ಕಾಫಿ ಕೊಯ್ಲು ಜೋರಾಗುತ್ತದೆ, ಇನ್ನೊಂದು ಜಾತಿ ರೋಬಸ್ಟಾ ಮುಗಿಯುವಾಗ ಫೆಬ್ರವರಿ ಕೊನೆ. ಆ ಮೂರು ತಿಂಗಳು ನಮಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ.

ಮೊದಲು ನಾನು ಹಾಕಿಸಿದ್ದು ಶೆಡ್ಡಿನ ಮೇಲೆ 10 ಕಿಲೋವ್ಯಾಟ್ ಪ್ಯಾನಲ್. ಲೈನಿಗೆ ಸೇರಿಸುವ ಆನ್‌ಗ್ರಿಡ್ ಮಾದರಿ, ಬ್ಯಾಟರಿ ಇಲ್ಲ. ಜಾಸ್ತಿಯಾದ ಕರೆಂಟ್ ಲೈನಿಗೆ ಹೋಗುತ್ತದೆ, ಮೀಟರ್ ಎರಡೂ ಕಡೆ ಓದುತ್ತದೆ. ನಮ್ಮ ಕಡೆ ವರ್ಷದ ಸರಾಸರಿ ತೆಗೆದರೆ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಅಂದುಕೊಳ್ಳಿ, 10 ಕಿಲೋವ್ಯಾಟಿಗೆ 40 ಯೂನಿಟ್. ಪಲ್ಪರ್ ಮೋಟರು, ನೀರಿನ ಪಂಪು, ಲೈಟು, ಇವಕ್ಕೆಲ್ಲ ಅದು ಚೆನ್ನಾಗಿ ಸಾಕಾಗುತ್ತದೆ. ಕರೆಂಟ್ ಬಿಲ್ ಇಳಿಯಿತು, ಅದರಲ್ಲಿ ಎರಡು ಮಾತಿಲ್ಲ. ಇನ್ನೊಂದು ವಿಷಯ, ಬಿಸಿಲು ಚೆನ್ನಾಗಿದ್ದು ಹವೆ ತಂಪಾಗಿದ್ದರೆ ಪ್ಯಾನಲ್‌ಗೆ ಇನ್ನೂ ಒಳ್ಳೆಯದು. ಪ್ಯಾನಲ್ ಬಿಸಿಯಾದಷ್ಟೂ ಅದರ ಕರೆಂಟ್ ಇಳಿಯುತ್ತದೆ, ಒಂದು ಡಿಗ್ರಿ ಏರಿದರೆ ನೂರಕ್ಕೆ 0.3ರಿಂದ 0.4ರಷ್ಟು ಖೋತಾ. ನಮ್ಮ ಜನವರಿಯ ಬಿಸಿಲಿನಲ್ಲಿ ತಣ್ಣನೆ ಗಾಳಿ ಬೀಸುವಾಗ ಅವು ಒಳ್ಳೆ ಹುರುಪಿನಲ್ಲಿ ಇರುತ್ತವೆ.

ಆದರೆ ಸೀಸನ್ ಮುಗಿದಾಗ ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಸೌದೆ ಪುಸ್ತಕ ತೆರೆದು ತೋರಿಸಿದರು. ಹಿಂದಿನ ವರ್ಷ 14 ಟ್ರ್ಯಾಕ್ಟರ್ ಲೋಡು. ಪ್ಯಾನಲ್ ಹಾಕಿದ ವರ್ಷವೂ 14 ಲೋಡು. ಒಂದು ಕೊಂಬೆಯೂ ಕಡಿಮೆಯಾಗಿರಲಿಲ್ಲ. "ಸೋಲಾರ್ ಹಾಕಿದ್ದೇವಲ್ಲ" ಅಂತ ಒಂದು ವರ್ಷ ನೆಮ್ಮದಿಯಾಗಿ ಇದ್ದ ನನಗೆ ಅದನ್ನು ನೋಡಿ ನಿಜವಾಗಲೂ ಬೇಜಾರಾಯಿತು.

ಆ ವರ್ಷವೇ ಆಗಿದ್ದು ಇನ್ನೊಂದು. ಡಿಸೆಂಬರ್ ತಿಂಗಳು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಟೀವಿಯಲ್ಲಿ ಬರುತ್ತಿತ್ತು, ಇಲ್ಲಿ ಎರಡು ದಿನದಿಂದ ಹನಿ ಬಿಟ್ಟಿರಲಿಲ್ಲ. ಕಣದಲ್ಲಿದ್ದ ಪಾರ್ಚ್‌ಮೆಂಟನ್ನೆಲ್ಲ (ಹಣ್ಣಿನ ಸಿಪ್ಪೆ ಸುಲಿದು ತೊಳೆದ, ಒಳಗಿನ ತೆಳು ಸಿಪ್ಪೆ ಇರುವ ಕಾಫಿ ಬೀಜ) ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಿ, ಹಸಿ ಇದ್ದಿದ್ದನ್ನು ಡ್ರೈಯರಿಗೆ ಹಾಕಿ ಒಲೆ ಹಚ್ಚಿದ್ದೆವು. ಮೂರನೇ ದಿನ ಮಳೆ ನಿಂತು ಮಧ್ಯಾಹ್ನ ಬಿಸಿಲು ಬಂತು. ಸಮಾಧಾನ ಆಯಿತು ಅನ್ನುವಷ್ಟರಲ್ಲಿ ಎಲ್ಲೋ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಡ್ರೈಯರಿಗೆ ಬಿಸಿಗಾಳಿ ಊದುವ ಬ್ಲೋವರ್ ನಿಂತಿತು. ಪ್ಯಾನಲ್ ಇದೆಯಲ್ಲ, ಬಿಸಿಲೂ ಇದೆಯಲ್ಲ ಅಂತ ಓಡಿಹೋಗಿ ನೋಡಿದರೆ ಇನ್ವರ್ಟರೂ ನಿಂತಿದೆ. ಕೆಂಪು ದೀಪ ಮಾತ್ರ ಉರಿಯುತ್ತಿತ್ತು.

ಇದು ತುಂಬ ಜನರಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ, ಮಾರಿದವರು ಹೇಳಿರಲೂ ಇಲ್ಲ. ಆನ್‌ಗ್ರಿಡ್ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಇದ್ದರೆ ಮಾತ್ರ ಓಡುತ್ತದೆ. ಲೈನ್ ಹೋದ ತಕ್ಷಣ ತಾನೂ ನಿಲ್ಲಬೇಕು, ಅದೇ ನಿಯಮ. ಯಾಕೆ ಅಂದರೆ, ಅಲ್ಲಿ ಕಂಬ ಹತ್ತಿ ತಂತಿ ಕಟ್ಟುತ್ತಿರುವ ಲೈನ್‌ಮನ್‌ಗೆ ನಮ್ಮ ಮನೆಯ ಪ್ಯಾನಲಿನಿಂದ ಕರೆಂಟ್ ಹೋದರೆ ಅವನ ಪ್ರಾಣಕ್ಕೇ ಕುತ್ತು. ನಿಯಮ ಸರಿಯಾಗಿಯೇ ಇದೆ. ನಮಗೆ ಮೊದಲೇ ತಿಳಿಸಿರಬೇಕಿತ್ತು, ಅಷ್ಟೆ.

ಬ್ಲೋವರ್ ನಿಂತರೂ ಒಲೆ ನಿಲ್ಲುವುದಿಲ್ಲ ನೋಡಿ. ಬಿಸಿ ಒಳಗೇ ಕುಳಿತುಕೊಳ್ಳುತ್ತದೆ. ಮೇಸ್ತ್ರಿಯೂ ನಾನೂ ಒಲೆಯ ಬಾಯಿ ತೆಗೆದು ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಹೊರಗೆಳೆದು ಮಣ್ಣು ಹಾಕಿದೆವು. ಅಷ್ಟರಲ್ಲಿ ಕೆಳಗಿನ ಪದರ ಬೆಂದುಹೋಗಿತ್ತು. ಒಂದು ಹಿಡಿ ತೆಗೆದು ಮೂಸಿದೆ, ಹುರಿದ ಕಡಲೆ ಸುಟ್ಟ ಹಾಗೆ ವಾಸನೆ. ಬಾಡಿಗೆ ಜನರೇಟರ್ ಬರುವಾಗ ರಾತ್ರಿ ಎಂಟು ಗಂಟೆ. ಆ ಲಾಟು ಪಾರ್ಚ್‌ಮೆಂಟಿನ ಬೆಲೆಗೆ ಹೋಗಲಿಲ್ಲ. ಒಂದು ವರ್ಷ ತೋಟದಲ್ಲಿ ದುಡಿದವರ ಹಣ್ಣು ಅದು, ನಮ್ಮ ಕೈಗೆ ನಂಬಿ ಕೊಟ್ಟಿದ್ದು. ಅವರಿಗೆ ಆ ದುಡ್ಡನ್ನು ನಾನೇ ಕೊಟ್ಟೆ.

ಅದಾದ ಮೇಲೆ ಕುಳಿತು ಲೆಕ್ಕ ಹಾಕಿದೆ. ಈ ಲೆಕ್ಕವನ್ನು ದಯವಿಟ್ಟು ನೀವೂ ಹಾಕಿ, ಕಷ್ಟದ್ದೇನಲ್ಲ.

ತೊಳೆದ ಪಾರ್ಚ್‌ಮೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ, ನೂರಕ್ಕೆ 55 ಅಂತ ಇಟ್ಟುಕೊಳ್ಳೋಣ. ಅದು 10–11ಕ್ಕೆ ಇಳಿಯಬೇಕು. ಅಂದರೆ ಒಂದು ಟನ್ ಹಸಿ ಪಾರ್ಚ್‌ಮೆಂಟ್ ಒಣಗಿ ಅರ್ಧ ಟನ್ ಆಗುತ್ತದೆ, ಉಳಿದ ಅರ್ಧ ಟನ್ ನೀರು ಆವಿಯಾಗಿ ಗಾಳಿಗೆ ಹೋಗಬೇಕು. ಒಂದು ಕಿಲೋ ನೀರನ್ನು ಆವಿ ಮಾಡಲು ಬೇಕಾಗುವ ಶಾಖವನ್ನು ಯೂನಿಟ್ ಲೆಕ್ಕದಲ್ಲಿ ಹೇಳಿದರೆ ಸುಮಾರು 0.67 ಯೂನಿಟ್. ಅರ್ಧ ಟನ್ನಿಗೆ 330 ಯೂನಿಟ್. ಇದು ಒಂದು ಚೂರೂ ಬಿಸಿ ಪೋಲಾಗದಿದ್ದರೆ. ಯಾವ ಡ್ರೈಯರಿನಲ್ಲೂ ಹಾಗಾಗುವುದಿಲ್ಲ, ಅರ್ಧ ಪೋಲು ಅಂದುಕೊಂಡರೂ 650 ಯೂನಿಟ್ ಬೇಕು. ನನ್ನ 10 ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಕೊಡುವುದು 40. ಹೀಟರ್ ಹಾಕಿ ಅದರಿಂದಲೇ ಒಣಗಿಸುತ್ತೇನೆ ಅಂತ ಹೊರಟರೆ ಒಂದೇ ಒಂದು ಟನ್ನಿಗೆ ಹದಿನಾರು ದಿನ ಬೇಕು!

ಅದೇ ಕಣ ನೋಡಿ. ನೂರು ಚದರ ಮೀಟರ್ ಕಣದ ಮೇಲೆ ಜನವರಿಯ ಒಂದು ಒಳ್ಳೆ ದಿನ ಬೀಳುವ ಬಿಸಿಲು 500 ಯೂನಿಟ್‌ಗಿಂತ ಜಾಸ್ತಿ. ಪುಕ್ಕಟೆ. ನಮ್ಮ ಅಜ್ಜನ ಕಾಲದಿಂದ ನಾವು ನಡೆಸಿಕೊಂಡು ಬಂದ ಸೋಲಾರ್ ಪ್ಲಾಂಟ್ ಅಂದರೆ ಆ ಕಣವೇ. ಅದನ್ನು ಯಾರೂ ಸೋಲಾರ್ ಅಂತ ಕರೆಯಲಿಲ್ಲ ಅಷ್ಟೆ.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು. ಪ್ಯಾನಲ್ ಬಿಸಿಲನ್ನು ಕರೆಂಟ್ ಮಾಡುವಾಗ ನೂರರಲ್ಲಿ 20–22 ಪಾಲು ಮಾತ್ರ ಸಿಗುತ್ತದೆ. ಅದೇ ಬಿಸಿಲನ್ನು ಬಿಸಿಯಾಗಿಯೇ ಹಿಡಿದರೆ, ಅಂದರೆ ನಮ್ಮ ಮನೆ ಮೇಲಿನ ಸೋಲಾರ್ ವಾಟರ್ ಹೀಟರ್ ಹಾಗೆ, ಅರ್ಧಕ್ಕಿಂತ ಜಾಸ್ತಿ ಸಿಗುತ್ತದೆ. ನಮಗೆ ಬೇಕಾಗಿರುವುದು ಬಿಸಿಯೇ ಆಗಿದ್ದರೆ ನಡುವೆ ಕರೆಂಟ್ ಯಾಕೆ ಬೇಕು? ಇದು ನಮ್ಮಂಥ ಚಿಕ್ಕವರ ವಿಷಯ ಮಾತ್ರ ಅಲ್ಲ. ಪ್ರಪಂಚದ ಕೈಗಾರಿಕೆಗಳೆಲ್ಲ ಸೇರಿ ಬಳಸುವ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೋಗುವುದು ಶಾಖಕ್ಕೆ, ಕರೆಂಟಿಗಲ್ಲ. ಬೇಯಿಸುವುದು, ಒಣಗಿಸುವುದು, ತೊಳೆಯುವುದು, ಕರಗಿಸುವುದು. ನಾವು ಸೋಲಾರ್ ಅಂದ ಕೂಡಲೇ ಕರೆಂಟ್ ಬಿಲ್ ನೋಡುತ್ತೇವೆ. ಸೌದೆ, ಡೀಸೆಲ್, ಗ್ಯಾಸ್ ಬಿಲ್ ಬೇರೆ ಪುಸ್ತಕದಲ್ಲಿ ಇರುತ್ತದೆ, ಅದನ್ನು ಯಾರೂ ತೆರೆಯುವುದಿಲ್ಲ.

ಸರಿ, ಕಣ ಅಷ್ಟು ಒಳ್ಳೆಯದಾದರೆ ಡ್ರೈಯರ್ ಯಾಕೆ ಬೇಕಾಯಿತು ಅಂತ ಕೇಳುತ್ತೀರಿ. ಮಳೆಗಾಗಿ. ಹಿಂದೆ ಜನವರಿಯಲ್ಲಿ ಮಳೆ ಅಂದರೆ ಆಶ್ಚರ್ಯ, ಈಗ ಹಾಗಿಲ್ಲ. 2021ರ ಜನವರಿ ಮೊದಲ ವಾರ ಸುರಿದ ಮಳೆ ನೆನಪಿದೆಯಲ್ವಾ? ಕಣದಲ್ಲಿದ್ದ ಕಾಫಿ ತೊಯ್ದು, ಗಿಡದಲ್ಲಿದ್ದ ಹಣ್ಣು ಉದುರಿ, ನೋಡಲಾಗುತ್ತಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲೂ ಹಾಗೇ ಆಯಿತು. ಮಳೆ ಇಲ್ಲದಿದ್ದರೂ ಇಬ್ಬನಿ ಇದೆ. ಬೆಳಿಗ್ಗೆ ಏಳು ಗಂಟೆಗೆ ಕಣಕ್ಕೆ ಬಂದರೆ ಟಾರ್ಪಾಲಿನ ಮೇಲೆ ನೀರು ನಿಂತಿರುತ್ತದೆ, ಎರಡು ಮೂಲೆ ಹಿಡಿದು ಜಾಗ್ರತೆಯಾಗಿ ಎತ್ತಬೇಕು, ಕೈ ತಪ್ಪಿದರೆ ಹಿಂದಿನ ದಿನ ಒಣಗಿದ್ದರ ಮೇಲೇ ಸುರಿಯುತ್ತದೆ. ಮಂಜು ಸರಿದು ಕಣ ಬಿಸಿಯಾಗುವಾಗ ಒಂಬತ್ತೂವರೆ. ನಾಲ್ಕು ಗಂಟೆಗೆ ಮತ್ತೆ ಗುಡ್ಡೆ ಮಾಡಬೇಕು. ಪಾರ್ಚ್‌ಮೆಂಟಿಗೆ ಎಂಟರಿಂದ ಹತ್ತು ದಿನ, ಸಿಪ್ಪೆ ಸಮೇತ ಇಡೀ ಹಣ್ಣನ್ನೇ ಒಣಗಿಸುವ ಚೆರ್ರಿಗೆ ಎರಡು ವಾರ ಇದೇ ಕೆಲಸ. ನಡುವೆ ಎರಡು ದಿನ ತೇವ ನಿಂತರೆ ಬೂಸ್ಟು. ಬೂಸ್ಟು ಹಿಡಿದ ಕಾಫಿಯಲ್ಲಿ ಓಕ್ರಾಟಾಕ್ಸಿನ್ ಅನ್ನುವ ವಿಷ ಸೇರಿಕೊಳ್ಳಬಹುದು, ಹೊರದೇಶದವರು ಅದನ್ನು ಪರೀಕ್ಷೆ ಮಾಡಿಯೇ ತೆಗೆದುಕೊಳ್ಳುವುದು.

ಹಾಗಾಗಿ ಎರಡನೇ ಸಲ ಮಾಡಿದ ಕೆಲಸ ಅಂದರೆ ಕಣಕ್ಕೇ ಒಂದು ಮನೆ ಕಟ್ಟಿದ್ದು. 60 ಅಡಿ ಉದ್ದ, 20 ಅಡಿ ಅಗಲ. ಜಿಐ ಪೈಪಿನ ಚೌಕಟ್ಟು, ಮೇಲೆ ಬಿಸಿಲು ಒಳಗೆ ಬಿಡುವ ಪಾಲಿಕಾರ್ಬೊನೇಟ್ ಶೀಟು. ನೆಲಕ್ಕೆ ಕಪ್ಪು ಬಣ್ಣ. ತಳದಲ್ಲಿ ಉದ್ದಕ್ಕೂ ಗಾಳಿ ಒಳಗೆ ಬರುವ ಕಿಂಡಿ, ಒಂದು ತುದಿಯ ಗೋಡೆಯಲ್ಲಿ ಎತ್ತರದಲ್ಲಿ ಗಾಳಿ ಹೊರಗೆಳೆಯುವ ಫ್ಯಾನು. ಕಾಫಿ ನೆಲದಲ್ಲಿ ಅಲ್ಲ, ನೆಲದಿಂದ ಮೇಲೆ ಬಲೆ ಕಟ್ಟಿದ ತಟ್ಟೆಗಳಲ್ಲಿ ಹರಡುವುದು, ಕೆಳಗಿನಿಂದಲೂ ಗಾಳಿ ಆಡಬೇಕಲ್ಲ. ಫ್ಯಾನಿಗೆ ಬೇರೆಯೇ ಒಂದು ಚಿಕ್ಕ ಪ್ಯಾನಲ್ ಕೊಟ್ಟಿದ್ದೇವೆ, ಲೈನಿಗೂ ಅದಕ್ಕೂ ಸಂಬಂಧ ಇಲ್ಲ. ಬಿಸಿಲು ಏರಿದಂತೆ ಫ್ಯಾನ್ ತಾನೇ ಜೋರಾಗುತ್ತದೆ, ಮೋಡ ಬಂದರೆ ತಾನೇ ನಿಧಾನ ಆಗುತ್ತದೆ. ಬಿಸಿ ಜಾಸ್ತಿ ಇದ್ದಾಗಲೇ ಗಾಳಿ ಜಾಸ್ತಿ ಬೇಕಾಗುವುದು, ಹಾಗಾಗಿ ಇದರಷ್ಟು ಸರಿಯಾದ ಜೋಡಿ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮೊದಲ ದಿನ ಒಳಗೆ ಥರ್ಮಾಮೀಟರ್ ನೇತುಹಾಕಿ ಅರ್ಧ ಗಂಟೆಗೊಮ್ಮೆ ನೋಡುತ್ತಿದ್ದೆ. ಹೊರಗೆ 27 ಡಿಗ್ರಿ ಇದ್ದಾಗ ಒಳಗೆ ಮಧ್ಯಾಹ್ನ ಒಂದಕ್ಕೆ 43. ಪಾರ್ಚ್‌ಮೆಂಟಿಗೆ 40 ಡಿಗ್ರಿ ದಾಟಬಾರದು, ದಾಟಿದರೆ ಬೀಜದ ಬಣ್ಣವೂ ಕೆಡುತ್ತದೆ, ಕುಡಿಯುವವರಿಗೆ ರುಚಿಯೂ ಸಿಗುವುದಿಲ್ಲ. ಕಿಂಡಿ ಪೂರ್ತಿ ತೆರೆದ ಮೇಲೆ 39ಕ್ಕೆ ನಿಂತಿತು. ಅಂದರೆ ನಮ್ಮ ತೊಂದರೆ ಬಿಸಿ ಸಾಲದಿರುವುದಲ್ಲ, ಬಿಸಿ ಜಾಸ್ತಿಯಾಗದ ಹಾಗೆ ನೋಡಿಕೊಳ್ಳುವುದು! ಇಷ್ಟು ಕಡಿಮೆ ಬಿಸಿಗೆ ನಾವು ಮರ ಉರಿಸುತ್ತಿದ್ದೆವಲ್ಲ ಅಂತ ಆವತ್ತು ತುಂಬ ಅನ್ನಿಸಿತು. ಸೌದೆ ಉರಿ ಎಂಟುನೂರು ಒಂಬೈನೂರು ಡಿಗ್ರಿ ಇರುತ್ತದೆ, ಅದಕ್ಕೆ ತಣ್ಣನೆ ಗಾಳಿ ಬೆರೆಸಿ ಬೆರೆಸಿ 40ಕ್ಕೆ ಇಳಿಸಿ ಕಾಫಿಗೆ ಕೊಡುವುದು.

ಆರನೇ ದಿನ ಮಧ್ಯಾಹ್ನ ಕಣದಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಕರೆದರು. ತಟ್ಟೆಯಲ್ಲಿ ಕೈ ಆಡಿಸಿ, "ಕೇಳಿ, ಸದ್ದು ಬಂತು" ಅಂದರು. ಒಣಗಿದ ಪಾರ್ಚ್‌ಮೆಂಟ್ ಕೈಯಲ್ಲಿ ತಿರುವಿದರೆ ಜಲಜಲ ಅನ್ನುತ್ತದೆ, ಹಸಿ ಇದ್ದರೆ ಸದ್ದೇ ಇಲ್ಲ. ಸಿಪ್ಪೆ ಬಿಡಿಸಿ ಬೀಜ ಕಚ್ಚಿ ನೋಡಿದೆ, ಹಲ್ಲಿನ ಗುರುತು ಬೀಳಲಿಲ್ಲ. ಮಾಯಿಶ್ಚರ್ ಮೀಟರಿಗೆ ಹಾಕಿದರೆ 10.8. ತೆರೆದ ಕಣದಲ್ಲಿ ಹಾಕಿದ್ದ ಅದೇ ದಿನದ ಲಾಟು ಇನ್ನೂ 17ರಲ್ಲಿತ್ತು. ಆ ಅಕ್ಕ ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಕಾಫಿ ಒಣಗಿಸುತ್ತಿದ್ದಾರೆ. ಅವರ ಕಿವಿಯೂ ಮೀಟರೂ ಒಂದೇ ಮಾತು ಹೇಳಿದ್ದು ನೋಡಿ ನನಗೆ ಬಂದ ಧೈರ್ಯ ಯಾವ ಬ್ರೋಷರಿನಿಂದಲೂ ಬಂದಿರಲಿಲ್ಲ.

ಇನ್ನು ಉಳಿದಿದ್ದು ರಾತ್ರಿ. ಹಗಲು ಒಣಗಿದ್ದು ರಾತ್ರಿಯ ತೇವ ಹೀರಿಕೊಳ್ಳುತ್ತದೆ, ಬೆಳಿಗ್ಗೆ ಎರಡು ಗಂಟೆ ಆ ತೇವ ತೆಗೆಯುವುದರಲ್ಲೇ ಹೋಗುತ್ತದೆ. ಬ್ಯಾಟರಿ ಇಟ್ಟು ಹೀಟರ್ ಹಾಕುವ ಮಾತು ಬಂತು. ಲೆಕ್ಕ ಹಾಕಿದೆ. ಒಂದು ಸಾವಿರ ಲೀಟರ್ ನೀರು 70 ಡಿಗ್ರಿಯಿಂದ 40ಕ್ಕೆ ಇಳಿಯುವಾಗ ಬಿಟ್ಟುಕೊಡುವ ಬಿಸಿ ಸುಮಾರು 35 ಯೂನಿಟ್. ಅಷ್ಟು ಹಿಡಿಸುವ ಬ್ಯಾಟರಿಗೆ ಲಕ್ಷಗಟ್ಟಲೆ ಬೇಕು. ನೀರಿಗೆ ಬೇಕಾಗಿರುವುದು ಒಂದು ಟ್ಯಾಂಕು, ಅದರ ಸುತ್ತ ದಪ್ಪಗೆ ಗ್ಲಾಸ್‌ವೂಲ್. ಛಾವಣಿಯ ಮೇಲೆ ಟ್ಯೂಬಿನ ಸೋಲಾರ್ ವಾಟರ್ ಹೀಟರ್ ಸಾಲು ಹಾಕಿ ಟ್ಯಾಂಕಿಗೆ ಸೇರಿಸಿದೆವು. ಆ ಬಿಸಿಯನ್ನು ಗಾಳಿಗೆ ಕೊಡಲು ಏನು ಮಾಡುವುದು ಅಂತ ಯೋಚಿಸುವಾಗ ಕುಶಾಲನಗರದ ವರ್ಕ್‌ಶಾಪಿನ ಮೆಕ್ಯಾನಿಕ್ ಒಬ್ಬರು, "ಲಾರಿ ರೇಡಿಯೇಟರ್ ಇದೆಯಲ್ಲ ಸಾರ್" ಅಂದರು. ಎಷ್ಟು ಸುಲಭದ ಮಾತು! ಗುಜರಿಯಿಂದ ಒಂದು ಹಳೆಯ ಲಾರಿ ರೇಡಿಯೇಟರ್ ತಂದು, ತೂತು ಬೆಸೆಸಿ, ಹಿಂದೆ ಒಂದು ಫ್ಯಾನ್ ಕಟ್ಟಿ, ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿದೆವು. ರಾತ್ರಿ ಎಂಟರಿಂದ ಬೆಳಗಿನವರೆಗೆ ಸಣ್ಣಗೆ ಬೆಚ್ಚನೆ ಗಾಳಿ. ಅದರಿಂದ ಕಾಫಿ ಒಣಗುವುದಿಲ್ಲ, ಆದರೆ ಒಣಗಿದ್ದು ಮತ್ತೆ ತೇವ ಆಗುವುದಿಲ್ಲ. ಅಷ್ಟೇ ಬೇಕಾಗಿದ್ದು. ಆ ಪಂಪು, ಫ್ಯಾನಿಗೆ ಮಾತ್ರ ಒಂದು ಚಿಕ್ಕ ಬ್ಯಾಟರಿ ಇಟ್ಟಿದ್ದೇನೆ. ಆಮೇಲೆ ಡ್ರೈಯರಿನ ಬ್ಲೋವರಿಗೂ ಹೈಬ್ರಿಡ್ ಇನ್ವರ್ಟರ್ ಹಾಕಿಸಿದೆ, ಲೈನ್ ಹೋದರೂ ಅದು ಓಡುತ್ತದೆ. ಡಿಸೆಂಬರಿನ ಆ ಸಂಜೆ ಇನ್ನೊಮ್ಮೆ ಬರುವುದು ಬೇಡ.

ಹೋದ ಸೀಸನ್ನಿನ ಸೌದೆ 5 ಲೋಡು. ಡ್ರೈಯರ್ ಇನ್ನೂ ಇದೆ, ತೆಗೆಯುವುದಿಲ್ಲ. ಮೂರು ದಿನ ಜಡಿಮಳೆ ಹಿಡಿದರೆ ಪಾಲಿಕಾರ್ಬೊನೇಟ್ ಶೆಡ್ಡೂ ಏನೂ ಮಾಡಲಾಗದು. ಈಗ ನಮಗೆ ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವಾಗ, ಬಿದ್ದ ಸಿಲ್ವರ್ ಓಕ್ ಕೊಂಬೆಗಳೇ ಸಾಕು, ಹೊರಗಿನಿಂದ ಸೌದೆ ತರಿಸುತ್ತಿಲ್ಲ.

ಬೇರೆ ಕೆಲಸದವರಿಗೂ ಇದೇ ಲೆಕ್ಕ. ಮೊದಲು ಕೇಳಬೇಕಾದ್ದು, ನಿಮಗೆ ಎಷ್ಟು ಡಿಗ್ರಿ ಬೇಕು, ಯಾವ ತಿಂಗಳು ಬೇಕು, ಹಗಲಾ ರಾತ್ರಿಯಾ ಅಂತ. ಏಲಕ್ಕಿ ಗೂಡಿಗೆ 50 ಡಿಗ್ರಿ ಆಸುಪಾಸು, ಅದು ಬಿಸಿಲಿನಿಂದ ಸಿಗುವ ಬಿಸಿಯೇ. ಆದರೆ ಏಲಕ್ಕಿ ಕೊಯ್ಲು ಮಳೆಗಾಲದಲ್ಲೇ ಶುರುವಾಗುತ್ತದೆ, ಅಲ್ಲೇ ತೊಡಕು. ಕರಿಮೆಣಸಿಗೆ ಹಾಗಲ್ಲ, ಬೇಸಿಗೆಯ ಬಾಯಲ್ಲೇ ಬರುತ್ತದೆ. ಒಣಗಿಸುವ ಮೊದಲು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಕಾಳು ಒಂದೇ ಸಮ ಕಪ್ಪಾಗುತ್ತದೆ ಅಲ್ವಾ, ಆ ನೀರನ್ನು ಸೋಲಾರಿನಲ್ಲಿ 70ರವರೆಗೆ ಬಿಸಿ ಮಾಡಿ ಕೊನೆಯ ಕುದಿಗೆ ಮಾತ್ರ ಒಲೆ ಹಚ್ಚಿದರೂ ಅರ್ಧಕ್ಕಿಂತ ಜಾಸ್ತಿ ಸೌದೆ ಉಳಿಯುತ್ತದೆ. ಡೈರಿಯಲ್ಲಿ ಹಾಲು ಕಾಯಿಸುವುದು 72 ಡಿಗ್ರಿಗೆ. ಕುಸುಬಲಕ್ಕಿ ಮಿಲ್ಲಿನಲ್ಲಿ ಭತ್ತ ನೆನೆಹಾಕುವ ಬಿಸಿನೀರು 65–70. ಹೋಂಸ್ಟೇಯವರ ಬಿಸಿನೀರು ಗೊತ್ತೇ ಇದೆ. ಇವೆಲ್ಲ ಛಾವಣಿಯ ಮೇಲಿನ ಬಿಸಿಲಿಗೆ ಎಟಕುವ ಕೆಲಸಗಳು. ಕಾಫಿ ಹುರಿಯುವುದು ಬೇರೆ, ಅಲ್ಲಿ 200 ಡಿಗ್ರಿ ದಾಟಬೇಕು, ನಾವು ಹಾಕುವ ಟ್ಯೂಬ್ ಹೀಟರಿನಿಂದ ಅದು ಆಗದು. ಸಿಮೆಂಟ್ ಗೂಡಿಗೆ 1,450 ಡಿಗ್ರಿ, ಆ ಮಾತು ಇಲ್ಲಿ ಬೇಡ.

ಜಾಸ್ತಿ ಬಿಸಿ ಬೇಕಾದರೆ ಬಿಸಿಲನ್ನು ಕನ್ನಡಿಯಿಂದ ಒಂದು ಕಡೆ ಸೇರಿಸಬೇಕು. ಇದು ಹೊಸದಲ್ಲ. 1913ರಲ್ಲೇ ಈಜಿಪ್ಟಿನ ಮಾಡಿ ಅನ್ನುವ ಊರಿನಲ್ಲಿ ಫ್ರಾಂಕ್ ಶೂಮನ್ ಅನ್ನುವ ಅಮೆರಿಕದವರು ಉದ್ದನೆ ಕನ್ನಡಿ ತೊಟ್ಟಿಗಳಿಂದ ಹಬೆ ಮಾಡಿ ನೈಲ್ ನೀರನ್ನು ಹೊಲಕ್ಕೆ ಎತ್ತಿದ್ದರು. ನಮ್ಮ ತಿರುಮಲದಲ್ಲಿ 2002ರಲ್ಲಿ 106 ಶೆಫ್ಲರ್ ಡಿಶ್‌ಗಳನ್ನು, ಅಂದರೆ ಬಿಸಿಲನ್ನು ಒಂದೇ ಕಡೆ ಸೇರಿಸುವ ಬಾಗಿದ ಕನ್ನಡಿಗಳನ್ನು, ಛಾವಣಿಯ ಮೇಲೆ ಇಟ್ಟರು. ಅದರ ಹಬೆಯಲ್ಲಿ ದಿನಕ್ಕೆ ಸುಮಾರು 15,000 ಜನರಿಗೆ ಅಡುಗೆ ಆಗುವ ಏರ್ಪಾಡು. 2009ರಲ್ಲಿ ಶಿರಡಿಯಲ್ಲೂ 73 ಡಿಶ್ ಬಂದವು. ರಾಜಸ್ಥಾನದ ಅಬು ರೋಡಿನಲ್ಲಿ ಬ್ರಹ್ಮಕುಮಾರಿಯವರು ತಲಾ 60 ಚದರ ಮೀಟರಿನ 770 ಡಿಶ್ ನಿಲ್ಲಿಸಿ, ಬಿಸಿಯನ್ನು ಎರಕದ ಕಬ್ಬಿಣದಲ್ಲಿ ಹಿಡಿದಿಟ್ಟು ರಾತ್ರಿಯೂ ಬಳಸುತ್ತಾರೆ, ಹಬೆಯೂ ಸಿಗುತ್ತದೆ, 1 ಮೆಗಾವ್ಯಾಟ್ ಕರೆಂಟೂ ಸಿಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಿಲಿ ದೇಶದ ಗ್ಯಾಬ್ರಿಯೆಲಾ ಮಿಸ್ಟ್ರಾಲ್ ತಾಮ್ರದ ಗಣಿ. ಅಟಕಾಮಾ ಮರುಭೂಮಿಯಲ್ಲಿರುವ ಈ ಗಣಿ 2013ರಲ್ಲಿ 39,000 ಚದರ ಮೀಟರಿಗೂ ಜಾಸ್ತಿ ಚಪ್ಪಟೆ ಕಲೆಕ್ಟರ್ ಹಾಕಿತು. ಕನ್ನಡಿ ಇಲ್ಲ, ಏನಿಲ್ಲ, ನಮ್ಮ ಮನೆಗಳ ಮೇಲಿನ ಗಾಜಿನ ಪೆಟ್ಟಿಗೆಯ ದೊಡ್ಡಣ್ಣ ಅಷ್ಟೆ. ತಾಮ್ರ ಬೇರ್ಪಡಿಸುವ ದ್ರಾವಣಕ್ಕೆ ಬೇಕಾದ ಬಿಸಿ ಕುದಿಯುವ ನೀರಿಗಿಂತ ಎಷ್ಟೋ ಕಡಿಮೆ. ಹಿಂದೆ ಅದಕ್ಕೆ ಮರುಭೂಮಿಯವರೆಗೆ ಡೀಸೆಲ್ ಹೊತ್ತು ತರಬೇಕಿತ್ತು.

ಅಟಕಾಮಾದಲ್ಲಿ ಮಳೆಯೇ ಇಲ್ಲ, ನಮ್ಮಲ್ಲಿ ಕಕ್ಕಡ ಇದೆ, ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು. ಕಕ್ಕಡದಲ್ಲಿ ಬಿಸಿಲಿನ ಮೇಲೆ ಭರವಸೆ ಇಟ್ಟುಕೊಂಡು ಕೊಡಗಿನಲ್ಲಿ ಯಾವ ಕೆಲಸವನ್ನೂ ಮಾಡಬೇಡಿ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ನನ್ನ 10 ಕಿಲೋವ್ಯಾಟ್ ಕೆಲವು ದಿನ 8 ಯೂನಿಟ್ ಕೊಟ್ಟಿದ್ದೂ ಇದೆ. ಭಾಗಮಂಡಲದವರಿಗೂ ಕುಶಾಲನಗರದವರಿಗೂ ಒಂದೇ ಲೆಕ್ಕ ಕೊಡುವ ಮಾರಾಟಗಾರರನ್ನು ನಂಬಬೇಡಿ, ಅಲ್ಲಿಯ ಮಳೆಗೂ ಇಲ್ಲಿಯ ಮಳೆಗೂ ಅಜಗಜಾಂತರ. ಮಳೆಗಾಲ ಮುಗಿದ ಮೇಲೆ ಪ್ಯಾನಲ್ ಮೇಲೆ ಪಾಚಿ ಕಟ್ಟಿರುತ್ತದೆ, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಬಂದ ಕೂಡಲೇ ತೊಳೆಯಬೇಕು. ಮರದ ನೆರಳು ಒಂದು ಪ್ಯಾನಲ್ ಮೇಲೆ ಬಿದ್ದರೂ ಆ ಸಾಲಿನ ಉಳಿದವುಗಳ ಕರೆಂಟೂ ಇಳಿಯಬಹುದು, ನಮ್ಮಲ್ಲಿ ಸಿಲ್ವರ್ ಮರ ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಅಂತ ನಿಮಗೇ ಗೊತ್ತು. ಏಪ್ರಿಲ್ ಮೇ ಗುಡುಗಿಗೆ ಸಿಡಿಲು ನಿರೋಧಕ, ಒಳ್ಳೆ ಅರ್ಥಿಂಗ್ ಇಲ್ಲದೆ ಏನನ್ನೂ ಹಾಕಿಸಬೇಡಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಬ್ಸಿಡಿ ಮನೆಗಳಿಗೆ ಮಾತ್ರ, ನಮ್ಮಂಥ ಘಟಕಗಳಿಗಲ್ಲ. ಇದನ್ನು ಬೆರೆಸಿ ಹೇಳುವವರಿದ್ದಾರೆ. ಜಾಗದ ವಿಷಯದಲ್ಲಿ, ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ನಿಲ್ಲಿಸಿದ ಹಾಗೆ ಕೊಡಗಿನಲ್ಲಿ ಆಗುವುದಿಲ್ಲ, ಆಗಲೂ ಬಾರದು. ನಮ್ಮ ಬೆಟ್ಟದ ಮರ ಕಡಿದು ಪ್ಯಾನಲ್ ಇಡುವುದು ನನಗಂತೂ ಒಪ್ಪಿಗೆ ಇಲ್ಲ. ನಮಗೆ ಇರುವುದು ಛಾವಣಿ, ಕಣ. ಅವೆರಡರಲ್ಲೇ ಎಷ್ಟೋ ಜಾಗ ಇದೆ, ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಸುತ್ತು ಹಾಕಿ ಶೀಟು ಛಾವಣಿಗಳನ್ನು ನೋಡಿದರೆ ನಿಮಗೇ ಅನ್ನಿಸುತ್ತದೆ.

ಈ ಸಲ ನಾನು ನೋಡುತ್ತಿರುವುದು ಹೀಟ್ ಪಂಪ್. ಫ್ರಿಜ್ಜಿನ ಹಿಂದೆ ಕೈಯಿಟ್ಟರೆ ಬಿಸಿ ತಾಗುತ್ತದಲ್ಲ, ಅದೇ ಉಪಾಯ, ಹೊರಗಿನ ಗಾಳಿಯ ಬಿಸಿಯನ್ನು ಎಳೆದು ಒಳಗೆ ಕೊಡುವುದು. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಬಿಸಿ ಸಿಗುತ್ತದೆ. ಪ್ಯಾನಲಿನ ಕರೆಂಟನ್ನು ಹೀಟರಿಗೆ ಕೊಡುವ ಬದಲು ಇದಕ್ಕೆ ಕೊಟ್ಟರೆ ಮೊದಲು ಹೇಳಿದ ಹದಿನಾರು ದಿನದ ಲೆಕ್ಕ ಐದಾರು ದಿನಕ್ಕೆ ಇಳಿಯುತ್ತದೆ. ಮಳೆ ಹಿಡಿದ ದಿನಗಳಿಗೆ, ಆ ಉಳಿದ 5 ಲೋಡಿಗೆ, ಇದೇ ದಾರಿ ಅನ್ನಿಸುತ್ತಿದೆ. ಬೆಲೆ ಇನ್ನೂ ಜಾಸ್ತಿ ಇದೆ. ಅಕ್ಕಪಕ್ಕದ ನಾಲ್ಕು ಜನ ಸೇರಿ ಒಂದು ತರಿಸಬಹುದಾ ಅಂತ ಮಾತಾಡುತ್ತಿದ್ದೇವೆ.

ಗೋಣಿಕೊಪ್ಪದವರು ಭಾನುವಾರ ಬರುತ್ತೇನೆ ಅಂದಿದ್ದಾರೆ. ಕರೆಂಟ್ ಬಿಲ್ ತರುತ್ತೇನೆ ಅಂದರು. ಅದಿರಲಿ, ಮೂರು ವರ್ಷದ ಸೌದೆ ಪುಸ್ತಕ ತಗೊಂಡು ಬನ್ನಿ, ಯಾವ ವಾರ ಎಷ್ಟು ಹಣ್ಣು ಬಂತು ಅನ್ನುವ ಪುಸ್ತಕವೂ ಇರಲಿ ಅಂದಿದ್ದೇನೆ. ಹತ್ತು ಗಂಟೆಗೆ ಮೊದಲೇ ಬಂದರೆ ಒಳ್ಳೆಯದು, ಶೆಡ್ಡಿನೊಳಗೆ ಬಿಸಿ ಏರುವುದನ್ನು ಅವರೇ ನಿಂತು ನೋಡಬಹುದು.